ಮಹಡಿ ಹತ್ತಿ ಬಂದ ಅಧಿಕಾರಿ

"ನಮ್ಮ ಸಂಸ್ಥಾನದಲ್ಲಿ ಹೊಸ ಮನೆ ಬಿದ್ದ ಸುದ್ದಿಯನ್ನು ಯಾರಾದರೂ ಕೇಳಿದ್ದೀರಾ?" ಎಂದು ತುಂಬಿದ ಸಭೆಯಲ್ಲಿ ಕಡಲೆಗಿರಿಯ ದೊರೆ ಸೋಮರಸ ಮೀಸೆ ತಿರುವಿದ.

ಯಾರೂ ಕೇಳಿರಲಿಲ್ಲ. ಹೇಗೆ ಕೇಳುತ್ತಾರೆ? ಅರಮನೆಯ ಮುದ್ರೆ ಬೀಳದೆ ಹೊಸ ಮನೆಯ ಹೊಸಿಲು ದಾಟಿದವರಿಗೆ ಗಡೀಪಾರು ಎಂದು ದೊರೆಯ ಅಪ್ಪಣೆ. ಮುದ್ರೆ ಇದ್ದದ್ದು ತಪಾಸಣೆಯ ಅಧಿಕಾರಿ ಶೇಷಗಿರಿಯಪ್ಪನ ಸೊಂಟದಲ್ಲಿ. ಆ ಮಹಾಶಯನೋ, ದೊಡ್ಡವರ ಮನೆಯಾದರೆ ಜಗಲಿಯಲ್ಲೇ ಹೋಳಿಗೆ ಊಟ ಬಾರಿಸಿ, ತೇಗಿ, ಬಾಗಿಲಿಗೆ ಮುದ್ರೆ ಒತ್ತಿ ಎದ್ದುಬಿಡುತ್ತಿದ್ದ. ಒಳಗೆ ಗೋಡೆ ಇದೆಯೋ ಇಲ್ಲವೋ, ಅವನಪ್ಪನಾಣೆ ನೋಡುತ್ತಿರಲಿಲ್ಲ. ಬಡವರ ಮನೆಗೆ ಬಂದಾಗ ಮಾತ್ರ ಅವನಿಗೆ ಎಲ್ಲಿಲ್ಲದ ಕಣ್ಣು ಬರುತ್ತಿತ್ತು.

ನೇಕಾರರ ಕೇರಿಯ ದ್ಯಾವಮ್ಮನ ಗತಿ ನೋಡಿ. ಗುಡಿಸಲು ಕೆಡವಿ ಆ ಜಾಗದಲ್ಲೇ ಪುಟ್ಟ ಹೆಂಚಿನ ಮನೆ ಕಟ್ಟಿಕೊಂಡಿದ್ದಳು. ಚೊಚ್ಚಲ ಹೆರಿಗೆಗೆಂದು ಮಗಳು ಸಾಕಮ್ಮ ತವರಿಗೆ ಬಂದಿದ್ದಳು. ಮನೆ ಎದುರಿಗೇ ಇದೆ, ಒಳಗೆ ಕಾಲಿಡುವಂತಿಲ್ಲ. ತುಂಬು ಬಸುರಿ ಪಕ್ಕದವರ ಕೊಟ್ಟಿಗೆಯಲ್ಲಿ ದನಗಳ ಜೊತೆ ಮಲಗುತ್ತಿದ್ದಳು!

ಶೇಷಗಿರಿಯಪ್ಪ ಮೊದಲು ಬಂದಾಗ, "ಬಾಗಿಲು ಗಿಡ್ಡ. ನನ್ನಂಥವನು ಬಗ್ಗಿ ಒಳಗೆ ಬರಬೇಕೇನೇ?" ಎಂದು ಗದರಿ ಹೋದ. ಪಾಪ, ಬಾಗಿಲು ಕೀಳಿಸಿ ಎತ್ತರ ಮಾಡಿಸಿದಳು. ಮತ್ತೆ ಬಂದವನು, "ಇಷ್ಟೆತ್ತರದ ಬಾಗಿಲೇ? ನಿಮ್ಮ ಮನೆಗೇನು ಆನೆ ಬರುತ್ತದೆಯೇ?" ಎಂದ. ಮುದ್ರೆ ಸೊಂಟದಲ್ಲೇ ಉಳಿಯಿತು.

ದ್ಯಾವಮ್ಮ ಅಳುತ್ತ ಆಸ್ಥಾನದ ವಿದೂಷಕ ಹಂಪಯ್ಯನ ಮನೆಗೆ ಬಂದಳು. "ಬುದ್ಧೀ, ನನ್ನ ಮಗಳು ದನದ ಕಾಲಡಿ ಹೆರಬೇಕಾ?"

ಹಂಪಯ್ಯನಿಗೆ ಮೈಯೆಲ್ಲ ಉರಿದುಹೋಯಿತು. "ಆ ಹೊಟ್ಟೆಬಾಕನಿಗೆ ಬಾಗಿಲ ಅಳತೆ ಬೇರೆ ಕೇಡು! ಹೋಗಮ್ಮ, ಈಗಲೇ ಮಗಳನ್ನು ಹೊಸ ಮನೆಯೊಳಗೆ ಮಲಗಿಸು."

"ಗಡೀಪಾರು ಮಾಡಿಬಿಟ್ಟರೆ?"

"ಹಂಪಯ್ಯ ಹೇಳಿದ ಅನ್ನು. ನಾಳೆ ಸಭೆಯಲ್ಲಿ ಅವನನ್ನು ವಿಚಾರಿಸಿಕೊಳ್ಳುತ್ತೇನೆ. ನನ್ನ ಕೈಲಿ ಆಗದಿದ್ದರೆ ನಿಮ್ಮ ಜೊತೆ ನಾನೂ ಗಂಟುಮೂಟೆ ಕಟ್ಟುತ್ತೇನೆ."

ದೊರೆ ಮೀಸೆ ತಿರುವಿದ್ದು ಇದರ ಮಾರನೆಯ ದಿನವೇ. "ಬೇರೆಯವರ ಮಾತಿರಲಿ, ನನ್ನ ಹೊಸ ವಸಂತಮಹಲಿಗೆ ನಾನೇ ಇನ್ನೂ ಕಾಲಿಟ್ಟಿಲ್ಲ. ಮುದ್ರೆಗಾಗಿ ಕಾದೆ! ಏನಯ್ಯ ಶೇಷಗಿರಿಯಪ್ಪ, ತಪಾಸಣೆ ಆಯಿತೇ?"

"ನಿನ್ನೆಯೇ ಮುಗಿಸಿ ಮುದ್ರೆ ಒತ್ತಿದ್ದೇನೆ, ಮಹಾಪ್ರಭು. ಹುಳುಕು ಹುಡುಕಿದರೂ ಸಿಗಲಿಲ್ಲ."

ಆ ಮಹಲಿನ ಕತೆ ಹಂಪಯ್ಯನಿಗೆ ಗೊತ್ತಿತ್ತು. ಮಹಡಿಗೆ ಮೆಟ್ಟಿಲು ಬಲಕ್ಕಿರಲಿ ಎಂದು ದೊರೆ, ಎಡಕ್ಕಿರಲಿ ಎಂದು ರಾಣಿ ಜಗಳ ಕಾದಿದ್ದರು. ಮೇಸ್ತ್ರಿ ಇಬ್ಬರಿಗೂ "ಅಪ್ಪಣೆ" ಎಂದು ಕೈಮುಗಿದಿದ್ದ. ಬಲಕ್ಕೆ ಕಟ್ಟಿದರೆ ರಾಣಿಯ ಸಿಟ್ಟು, ಎಡಕ್ಕೆ ಕಟ್ಟಿದರೆ ದೊರೆಯ ಸಿಟ್ಟು. ಎರಡೂ ಕಡೆ ಕಟ್ಟದೆ, ಏಣಿ ಹಾಕಿ ಮಹಡಿ ಮುಗಿಸಿ, ಏಣಿ ಹೊತ್ತುಕೊಂಡು ಊರು ಬಿಟ್ಟಿದ್ದ.

ಹಂಪಯ್ಯ ಎದ್ದು ನಿಂತ. "ಅಧಿಕಾರಿಗಳು ಮಹಡಿಯನ್ನೂ ನೋಡಿದಿರಾ?"

"ನೋಡದೆ ಬಿಡುತ್ತೇನೆಯೇ? ಮೂಲೆಮೂಲೆಯಲ್ಲೂ ಓಡಾಡಿದೆ. ಕುಣಿದರೂ ಅಲುಗುವುದಿಲ್ಲ."

"ಪಾಪ, ರಾಣಿಯವರಿಗೆ ಮೊಣಕಾಲು ನೋವು. ಮೆಟ್ಟಿಲು ಕಡಿದಾಗಿದೆಯೇ?"

"ಛೆ ಛೆ! ಹೂವಿನ ಮೇಲೆ ನಡೆದ ಹಾಗೆ ಹತ್ತಬಹುದು."

"ಬಲಕ್ಕಿದೆಯೋ, ಎಡಕ್ಕೋ?"

ಶೇಷಗಿರಿಯಪ್ಪ ದೊರೆಯ ಮುಖ ನೋಡಿದ. "ಪ್ರಭುಗಳು ಹೇಳಿದ ಕಡೆಗೇ." ದೊರೆಯ ಪಕ್ಕದಲ್ಲಿ ಕೂತಿದ್ದ ರಾಣಿ ಕಣ್ಣು ಕೆಂಪಗೆ ಮಾಡಿದಳು. "ರಾಣಿಯವರು ಹೇಳಿದ ಕಡೆಗೂ..." ಎಂದು ಬೆವರು ಒರೆಸಿಕೊಂಡ.

"ಎರಡೂ ಕಡೆಗೆ ಇದೆಯಂತೆ! ಹಾಗಾದರೆ ಈಗಲೇ ಹೋಗಿ ನೋಡಿಬಿಡೋಣ, ಪ್ರಭು," ಎಂದ ಹಂಪಯ್ಯ.

ಸಭೆಗೆ ಸಭೆಯೇ ಮಹಲಿಗೆ ನಡೆಯಿತು. ದೊರೆ ಬಲಕ್ಕೆ ನೋಡಿದ, ಬರೀ ಗೋಡೆ. ರಾಣಿ ಎಡಕ್ಕೆ ನೋಡಿದಳು, ಬರೀ ಗೋಡೆ. ಮೇಲೆ ನೋಡಿದರೆ ಮಹಡಿಯ ಬಾಯಿ ಆಕಾಶದಷ್ಟು ದೂರದಲ್ಲಿ ತೆರೆದುಕೊಂಡಿತ್ತು.

"ಮೆಟ್ಟಿಲು ಎಲ್ಲಯ್ಯಾ?" ಎಂದು ದೊರೆ ಗುಡುಗಿದ.

ಶೇಷಗಿರಿಯಪ್ಪ ಮೆಲ್ಲಗೆ ಕಂಬದ ಮರೆಗೆ ಸರಿದ.

"ಅವನ ಎಲೆಯಡಿಕೆ ಸಂಚಿ ಬಿಚ್ಚಿಸಿ ನೋಡಿ, ಪ್ರಭು. ಹತ್ತಿ ಇಳಿದ ಮೇಲೆ ಮೆಟ್ಟಿಲು ಮಡಚಿ ಇಟ್ಟುಕೊಂಡಿರಬೇಕು," ಎಂದ ಹಂಪಯ್ಯ. "ದೊರೆಯ ಮನೆಯನ್ನೇ ಜಗಲಿಯಿಂದ ತಪಾಸಣೆ ಮಾಡಿದವನು, ದ್ಯಾವಮ್ಮನ ಬಾಗಿಲು ಗಿಡ್ಡ ಎಂದೂ ಎತ್ತರ ಎಂದೂ ಹೇಳಿ ಬಸುರಿಯನ್ನು ಕೊಟ್ಟಿಗೆಯಲ್ಲಿ ಮಲಗಿಸಿದ. ನಾಚಿಕೆಯಾಗಬೇಕು!"

ದೊರೆ ನಡೆದದ್ದನ್ನೆಲ್ಲ ಕೇಳಿ ಹಲ್ಲು ಕಡಿದ. ಶೇಷಗಿರಿಯಪ್ಪನ ಸೊಂಟದಿಂದ ಮುದ್ರೆ ಕಿತ್ತುಕೊಂಡ. ಏಣಿ ತರಿಸಿ, ಅವನನ್ನು ಮಹಡಿಗೆ ಹತ್ತಿಸಿ, ಏಣಿ ತೆಗೆಸಿಬಿಟ್ಟ. "ನಿನ್ನೆ ಇಳಿದು ಬಂದೆಯಲ್ಲ, ಆ ಮೆಟ್ಟಿಲಿನಲ್ಲೇ ಇಳಿದು ಬಾ," ಎಂದ.

ಹೊರಡುವಾಗ ದೊರೆಗೆ ಚಿಂತೆಯಾಯಿತು. "ಹಂಪಯ್ಯ, ಈಗ ಆ ದ್ಯಾವಮ್ಮನ ಮನೆಯನ್ನು ತಪಾಸಣೆ ಮಾಡುವವರು ಯಾರು?"

"ಆಗಿದೆ, ಪ್ರಭು. ಸಭೆಗೆ ಬರುವ ದಾರಿಯಲ್ಲಿ ನೋಡಿಕೊಂಡೇ ಬಂದೆ. ಬೆಳಗಿನ ಜಾವ ಆ ಮನೆಯೊಳಗೆ ಸಾಕಮ್ಮನಿಗೆ ಗಂಡು ಮಗು ಹುಟ್ಟಿದೆ. ಹುಟ್ಟಿದ್ದೇ ತಡ, ಮಾಡು ಹಾರಿಹೋಗುವ ಹಾಗೆ ಕಿರುಚಿ ನೋಡಿದ. ಒಂದು ಹೆಂಚೂ ಅಲುಗಲಿಲ್ಲ."

ದೊರೆಯ ಹುಬ್ಬು ಗಂಟಾಯಿತು. "ಅಂದರೆ, ಮುದ್ರೆ ಬೀಳದೆಯೇ ಒಳಗೆ ಹೋದರೇನು?"

"ಅಯ್ಯೋ, ಮುದ್ರೆಯನ್ನೂ ಆ ಪುಟ್ಟ ಅಧಿಕಾರಿಯೇ ಒತ್ತಿದ್ದಾನೆ, ಪ್ರಭು. ಬೇಕಾದರೆ ಬಂದು ಚಾಪೆ ಮುಟ್ಟಿ ನೋಡಿ, ಇನ್ನೂ ಆರಿಲ್ಲ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಣಂತಿಗೆ ಅರಮನೆಯಿಂದಲೇ ತುಪ್ಪ ಕಳಿಸಿದ.