ಸಾರಾಯಿ ತಿಂದ ಜವರಯ್ಯ

ಒಂದೂರಂತೆ. ಆ ಊರಲ್ಲಿ ಜವರಯ್ಯ ಅಂತ ಒಬ್ಬ, ಅವನಿಗೆ ಸಿದ್ದೀರಮ್ಮ ಅಂತ ಹೆಂಡತಿ, ಚಿಕ್ಕತಾಯಿ ಅಂತ ಒಬ್ಬಳೇ ಮಗಳು. ಜವರಯ್ಯ ಒಳ್ಳೆಯವನೇ. ಅವನ ಹೊಟ್ಟೆ ಮಾತ್ರ ಅವನ ಮಾತು ಕೇಳ್ತಿರಲಿಲ್ಲವಂತೆ.

ಚಿಕ್ಕತಾಯಿಗೆ ಆಚೆ ಊರಿನ ಹುಡುಗ ಒಪ್ಪಿಗೆಯಾದ. ಹುಡುಗನ ಕಡೆಯವರು ಒಂದು ಗಡಿಗೆ ಈಚಲ ಹೆಂಡ ತಂದಿಟ್ಟು ಹೋದರು. ಆದರೆ ಆ ಸೀಮೆಯಲ್ಲಿ ಒಂದು ಪದ್ಧತಿ. ಹುಡುಗಿಯ ಸೋದರಮಾವ ಅವಳ ಮನೆಯಲ್ಲಿ ಕುಡಿದು, ತನ್ನ ಕೈಯಾರೆ ವೀಳ್ಯ ಎತ್ತಿಕೊಡಬೇಕು. ಕೊಡಲಿಲ್ಲವೋ, ಮದುವೆ ಮುರಿದ ಹಾಗೇ.

ಸೋದರಮಾವ ಗೂಳಯ್ಯ ನಕ್ಕಿದ್ದನ್ನು ಕಂಡವರಿಲ್ಲ. ಬಂದವನೇ ಗಡಿಗೆ ಮೂಸಿ ಮುಖ ಸಿಂಡರಿಸಿದ.

"ಇದೇನು ತಂಗಿ, ಬರೀ ಹೆಂಡ! ಸಾರಾಯಿ ಇಲ್ಲ ಅಂದ್ರೆ ವೀಳ್ಯಾನೂ ಇಲ್ಲ."

"ಕೂತ್ಕೊ ಅಣ್ಣ, ಇದರಲ್ಲೇ ಸಾರಾಯಿ ಇಳಿಸಿ ಕೊಡ್ತೀನಿ" ಅಂದಳು ಸಿದ್ದೀರಮ್ಮ.

ಹೆಂಡವನ್ನು ದೊಡ್ಡ ಮಡಕೆಗೆ ಸುರಿದು ಒಲೆಗೇರಿಸಿದಳು. ಒಳಗೊಂದು ಬಟ್ಟಲು ತೂಗುಹಾಕಿದಳು. ಮಡಕೆಯ ಬಾಯಿಗೆ ತಣ್ಣೀರಿನ ಗಡಿಗೆ ಕೂರಿಸಿ, ಆವಿ ಆಚೆ ಹೋಗದ ಹಾಗೆ ಸಂದಿಗೆಲ್ಲ ಕಲಸಿದ ರಾಗಿಹಿಟ್ಟು ಮೆತ್ತಿದಳು. ಆವಿ ಏರಬೇಕು, ತಣ್ಣನೆ ತಳ ಮುಟ್ಟಬೇಕು, ತೊಟ್ಟುತೊಟ್ಟಾಗಿ ಬಟ್ಟಲಿಗೆ ಬೀಳಬೇಕು.

"ಮೇಲಿನ ನೀರು ಬಿಸಿಯಾಗ್ತಾ ಐತೆ, ಬಾವಿಯಿಂದ ತಣ್ಣೀರು ತರ್ತೀನಿ. ನೀನು ಉರಿ ನೋಡ್ಕೊ. ಬೇರೆ ಏನೂ ಮಾಡಬೇಡ!" ಅಂತ ಗಂಡನಿಗೆ ಹೇಳಿ ಹೋದಳು.

ಜವರಯ್ಯ ಉರಿ ನೋಡಿದ. ಉರಿ ನೋಡ್ತಾ ನೋಡ್ತಾ ಹಿಟ್ಟು ನೋಡಿದ. ಹಿಟ್ಟು ಬೆಂದು ಘಮಘಮ ಅಂತಿತ್ತು. ಒಂದು ಚೂರು ಕಿತ್ತು ಬಾಯಿಗಿಟ್ಟ. ಒಂದು ಚೂರಿಗೆ ಏನಾದೀತು ಅಂತ ಇನ್ನೊಂದು ಚೂರು. ಈ ಕಡೆ ತಿಂದು ಆ ಕಡೆ ಬಿಟ್ಟರೆ ನೋಡೋಕೆ ಚೆನ್ನಾಗಿರಲ್ಲ ಅಂತ ಆ ಕಡೆಯದೂ ತಿಂದ.

ಆವಿ ಬುಸ್ಸೆಂದು ಮನೆಯೆಲ್ಲ ತುಂಬಿತು. ಕೋಳಿಗಳು ಹಿಂದುಹಿಂದಕ್ಕೆ ನಡೆದವಂತೆ. ಸೂರಿನ ಹಲ್ಲಿ ಸೋಬಾನೆ ಪದ ಹೇಳಿತಂತೆ. ಒಲೆ ಪಕ್ಕ ಕೂತು ತೂಕಡಿಸ್ತಿದ್ದ ಗೂಳಯ್ಯನ ಮೂಗು ಕೆಂಪಗಾಯಿತಂತೆ.

ಸಿದ್ದೀರಮ್ಮ ಬಂದು ಮೇಲಿನ ಗಡಿಗೆ ಎತ್ತಿ ನೋಡಿದರೆ ಬಟ್ಟಲು ಒಣಗಿದೆ.

"ಅಯ್ಯೋ, ಮಗಳ ಮದುವೆ ಮುರಿದ್ಯಲ್ಲೋ!"

ಇಲಿ ತಿಂತು ಅನ್ನೋಣ ಅಂತ ಜವರಯ್ಯ ಬಾಯಿ ತೆರೆದ. ಬಾಗಿಲಲ್ಲಿ ಚಿಕ್ಕತಾಯಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಸುಳ್ಳು ಹೊರಡಲಿಲ್ಲ.

"ಭಾವ, ನಿನ್ನ ತಂಗೀನ ಬಯ್ಯಬೇಡ. ನಿನ್ನ ಸಾರಾಯೀನ ನಾನು ತಿಂದುಬಿಟ್ಟೆ."

"ಸಾರಾಯೀನ ತಿಂದ್ಯಾ?"

"ಹೂಂ ಭಾವ. ಉಪ್ಪು ಒಂಚೂರು ಕಮ್ಮಿ ಇತ್ತು."

ಗೂಳಯ್ಯನ ಮೀಸೆ ಅದುರಿತು. ಹೊಟ್ಟೆ ಕುಣಿಯಿತು. ಹೆಗಲ ಮೇಲಿನ ವಲ್ಲಿ ಜಾರಿ ಬಿದ್ದರೂ ಗೊತ್ತಾಗದಷ್ಟು ನಕ್ಕ.

"ತಂಗೀ, ಈ ಹೊಟ್ಟೆಬಾಕನಿಗೆ ನಿನ್ನ ಕೊಟ್ಟು ತಪ್ಪು ಮಾಡಿದೆ ಅಂತ ಇಷ್ಟು ವರ್ಷ ಕೊರಗ್ತಿದ್ದೆ. ದಿನಾ ಹಿಂಗೆ ನಗ್ತಾ ಇರ್ತೀರಾ ಅಂತ ಗೊತ್ತಿರಲಿಲ್ಲ ಕಣೇ."

"ದಿನಾ ಎಲ್ಲಿ ಅಣ್ಣ? ಒಂದೊಂದು ದಿನ ಸೌಟಲ್ಲಿ ಬಾರಿಸ್ತೀನಿ."

ಗೂಳಯ್ಯ ವೀಳ್ಯ ಎತ್ತಿದ. ಚಿಕ್ಕತಾಯಿ ಅಳುಕುತ್ತಾ ಕೇಳಿದಳು, "ಮಾವ, ನೀನು ಕುಡಿದೇ ಇಲ್ವಲ್ಲ?"

"ಮೂಗಲ್ಲೇ ಕುಡಿದಾಯ್ತು, ಬಾ ಮಗಳೇ" ಅಂತ ಅವಳ ಕೈತುಂಬ ವೀಳ್ಯ ಇಟ್ಟ.

ಅವರು ಆ ಊರಲ್ಲಿ ಮದುವೆ ಊಟ ಉಂಡು ತೇಗ್ತಾ ಇದ್ದಾರಂತೆ, ನಾವು ಈ ಜಗಲಿ ಮೇಲೆ ಕಥೆ ಕೇಳಿ ಆಕಳಿಸ್ತಾ ಇದ್ದೀವಿ.