ಹೊನ್ನಕ್ಕನ ಕಂಪ್ಯೂಟರ್

ಕಪಿಲೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಕಣ್ಣಿಲ್ಲದ ಮಕ್ಕಳಿಗಾಗಿ ಬ್ರೈಲ್ ಪುಸ್ತಕ ಮಾಡುತ್ತಿದ್ದರು.

ಪಾಠಗಳನ್ನು ಟೈಪ್ ಮಾಡುವವಳು ಹೊನ್ನಕ್ಕ. ಅವಳಿಗೂ ಕಣ್ಣಿಲ್ಲ. ಅವಳು ಒತ್ತಿದ ಅಕ್ಷರವನ್ನು ಕಂಪ್ಯೂಟರ್ ಗಟ್ಟಿಯಾಗಿ ಹೇಳುತ್ತಿತ್ತು, ಅದನ್ನು ಕೇಳಿಕೊಂಡು ಅವಳು ಮುಂದಕ್ಕೆ ಸಾಗುತ್ತಿದ್ದಳು. ಯಾವ ಕೀ ಎಲ್ಲಿದೆ ಅಂತ ಯೋಚಿಸುವ ಕಾಲ ಎಂದೋ ಮುಗಿದಿತ್ತು.

ಆ ಕಂಪ್ಯೂಟರ್ ಕೆಟ್ಟುಹೋಯಿತು. ಶಿಷ್ಯ ಪ್ರಭುಲಿಂಗ ಹೊಸದನ್ನು ತಂದು, ವಿಂಡೋಸ್ ಬೇಡವೆಂದು, ಎಲ್ಲರಿಗೂ ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಿದ. ಯಾರ ಹಂಗೂ ಇಲ್ಲದ್ದು ಅಂತ ಅವನಿಗೆ ಹೆಮ್ಮೆ. ಇರಲಿ ಬಿಡಿ, ಹೆಮ್ಮೆಪಡುವಂಥದ್ದೇ. ಆದರೆ ಹೊನ್ನಕ್ಕ ಟೈಪ್ ಮಾಡಲು ಬಳಸುತ್ತಿದ್ದ, ಅಕ್ಷರ ಹೇಳುವ ತಂತ್ರಾಂಶ ವಿಂಡೋಸಿನದು. ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ.

ಅವನು ಬೇರೊಂದು ತಂತ್ರಾಂಶ ಕೊಟ್ಟ. ಅದರಲ್ಲಿ ಕೀಗಳೆಲ್ಲ ಅದಲುಬದಲು. ಪಾಪ, ಅವಳು ಎಷ್ಟು ಹೆಣಗಿದರೂ ಒಂದು ಪುಟ ಮುಗಿಯಲಿಲ್ಲ.

ಒಂದು ಬೆಳಿಗ್ಗೆ ಅವಳು ಬಟ್ಟೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತಳು.

"ತಮ್ಮನ ಮನೆಗೆ ಹೋಗ್ತೀನಿ ಬುದ್ಧೀ. ಕೆಲಸ ಇಲ್ಲದೆ ಕೂತು ಉಣ್ಣೋಕೆ ಮನಸ್ಸು ಒಪ್ಪಲ್ಲ."

"ನಾಲ್ಕು ದಿನ ತಡಿ ತಾಯಿ," ಎಂದರು ಗುರುಗಳು.

ಪ್ರಭುಲಿಂಗನನ್ನು ಕರೆಸಿದರು.

"ಅಕ್ಕ ಹೊಸದನ್ನ ಕಲೀಲಿ ಬುದ್ಧೀ. ಎಲ್ಲರೂ ಕಲಿಯೋದಿಲ್ವೆ?"

ಗುರುಗಳು ಎದ್ದು ಅಂಗಳಕ್ಕೆ ಹೋದರು. ಆ ಅಂಗಳದಲ್ಲಿ ಯಾವ ವಸ್ತುವನ್ನೂ ಜಾಗ ಬದಲಿಸಬಾರದು, ಅದು ಆಶ್ರಮದ ಕಟ್ಟಳೆ. ಕಣ್ಣಿಲ್ಲದವರು ಓಡಾಡುವ ಜಾಗ.

ಗುರುಗಳು ನೀರಿನ ಕೊಡವನ್ನೆತ್ತಿ ನಡೆಯುವ ದಾರಿಯಲ್ಲಿ ಇಟ್ಟರು.

ಪ್ರಭುಲಿಂಗ ಹೌಹಾರಿದ. "ಅಯ್ಯೋ ಬುದ್ಧೀ! ಯಾರಾದ್ರೂ ಎಡವಿ ಬೀಳ್ತಾರೆ!"

"ಹೊಸ ಜಾಗ ಕಲೀಲಿ ಬಿಡು."

ಅವನು ಕೊಡವನ್ನು ಇದ್ದಲ್ಲಿಗೇ ತಂದಿಟ್ಟ.

ಸಂಜೆ ತಾನಾಗಿಯೇ ಬಂದ.

"ವೈನ್ ಅಂತ ಒಂದು ತಂತ್ರಾಂಶ ಇದೆ ಬುದ್ಧೀ. ವಿಂಡೋಸಿನ ತಂತ್ರಾಂಶ ಏನೇ ಕೇಳಿದರೂ ಅದು ಲಿನಕ್ಸಿಗೆ ತಿಳಿಯೋ ಹಾಗೆ ಹೇಳಿ ಕೆಲಸ ಮಾಡಿಸುತ್ತೆ. ವಿಂಡೋಸ್ ಹಾಕೋದೇ ಬೇಕಿಲ್ಲ."

"ಆಶ್ರಮಕ್ಕೆ ವೈನ್ ತರ್ತೀಯಾ?" ಗುರುಗಳು ನಕ್ಕರು. "ತಾ, ತಾ."

ಅವನು ಊಟ ನಿದ್ದೆ ಬಿಟ್ಟು ಕೂತ. ಹೊನ್ನಕ್ಕನ ಹಳೇ ತಂತ್ರಾಂಶ ತೆರೆಯಿತು. ಓಡೋಡಿ ಬಂದ.

"ಆಯ್ತು ಬುದ್ಧೀ! ಧ್ವನಿ ಒಂದು ಬರ್ತಿಲ್ಲ, ಅಷ್ಟೆ. ಉಳಿದಿದ್ದೆಲ್ಲ ಚೆನ್ನಾಗಿ ಕಾಣುತ್ತೆ."

"ಯಾರಿಗೆ?"

ಪ್ರಭುಲಿಂಗನಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ಹೋಗಿ ಮತ್ತೆ ಕೂತ. ಧ್ವನಿಗೆ ಬೇಕಾದದ್ದು ಏನು ಕಮ್ಮಿಯಾಗಿದೆ ಅಂತ ಹುಡುಕಿದ. ಸೇರಿಸಿದ, ತೆಗೆದ, ಮತ್ತೆ ಸೇರಿಸಿದ. ಕೊನೆಗೂ ಕಂಪ್ಯೂಟರ್ ಬಾಯಿಬಿಟ್ಟಿತು.

ಹೊನ್ನಕ್ಕನನ್ನು ಕರೆತಂದು ಕೂರಿಸಿದರು. ಗಂಟು ಅವಳ ಮಡಿಲಲ್ಲೇ ಇತ್ತು.

ಒಲ್ಲದ ಮನಸ್ಸಿನಿಂದ ಒಂದು ಕೀ ಒತ್ತಿದಳು. ಕಂಪ್ಯೂಟರ್ 'ಅ' ಎಂದಿತು. ಇನ್ನೊಂದು ಒತ್ತಿದಳು. ಆಮೇಲೆ ಬೆರಳುಗಳು ನಿಲ್ಲಲೇ ಇಲ್ಲ. ಗಂಟು ಜಾರಿ ನೆಲಕ್ಕೆ ಬಿತ್ತು, ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ನನ್ನ ಹಳೇ ಕಂಪ್ಯೂಟರ್ ರಿಪೇರಿ ಆಯ್ತಾ ಪ್ರಭು? ಮೊದಲೇ ಮಾಡಿಸೋದಲ್ವೇನಪ್ಪ! ಸುಮ್ಮನೆ ನನ್ನ ಅಳಿಸಿಬಿಟ್ಟೆ."

ಪ್ರಭುಲಿಂಗನ ಮುಖ ಸಣ್ಣದಾಯಿತು. ಗುರುಗಳ ಹಿಂದೆಯೇ ಜಗುಲಿಗೆ ಬಂದ.

"ನಾನು ಇಷ್ಟು ಒದ್ದಾಡಿದ್ದು ಅಕ್ಕನಿಗೆ ಗೊತ್ತೇ ಆಗಲಿಲ್ಲವಲ್ಲ ಬುದ್ಧೀ."

ಗುರುಗಳು ಒಳಗಿನಿಂದ ಕೇಳಿಬರುತ್ತಿದ್ದ ಅಕ್ಷರಗಳಿಗೆ ಕಿವಿಗೊಟ್ಟಿದ್ದರು.

"ಗೊತ್ತಾಗಿದ್ದರೆ, ನಿನ್ನ ಕೆಲಸ ಇನ್ನೂ ಬಾಕಿ ಇರ್ತಿತ್ತು ಕಣಪ್ಪ."