ದುಂಡಮಾದ ವಕೀಲರನ್ನ ಇಟ್ಟುಕೊಂಡಿದ್ದು

ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು ಅವ್ವ. ಅವಳಿಗೆ ದುಂಡಮಾದ ಅಂತ ಒಬ್ಬನೇ ಮಗ. ಮೈಯಲ್ಲಿ ಎತ್ತಿನ ಬಲ, ತಲೆಯಲ್ಲಿ ಮಾತ್ರ ಏನೂ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಎಳ್ಳಷ್ಟು ಹೆಚ್ಚಿಲ್ಲ, ಒಂದು ಎಳ್ಳಷ್ಟು ಕಮ್ಮಿ ಇಲ್ಲ. ಅದೇ ಅವ್ವನ ಹಣೇಬರ.

ಒಂದಿನ ಅವ್ವ ಸಂತೆಗೆ ಹೊರಟಳು. "ಲೋ ಮಾದ, ಹಿತ್ತಲಲ್ಲಿ ಸೊಪ್ಪು ಚಿಗುರೈತೆ. ಏನೇ ಒಳಕ್ಕೆ ನುಗ್ಗಲಿ, ಹಿಡಿದು ಕಟ್ಟಾಕು!" ಅಂದಳು.

ಪಕ್ಕದ ಮನೆ ನಂಜಬಸಪ್ಪನ ಹೋತ ನುಗ್ಗಿತು. ಹಿಡಿದು ಮರಕ್ಕೆ ಕಟ್ಟಿದ. ಹೋತ ಹುಡುಕಿಕೊಂಡು ನಂಜಬಸಪ್ಪನೇ ನುಗ್ಗಿದ. ಅವನನ್ನೂ ಕಟ್ಟಿದ! ಸಂಜೆ ಅವ್ವ ಬಂದು ನೋಡ್ತಾಳೆ, ಮರದ ಈ ಕಡೆ ಹೋತ, ಆ ಕಡೆ ಹೋತದ ಯಜಮಾನ! ಎರಡೂ ಒಂದೇ ಸಮ ಅರಚ್ತಾ ಇದ್ದಾವೆ. ಅವ್ವನ ತಲೆ ಮೇಲಿದ್ದ ಬುಟ್ಟಿ ಕೆಳಗೆ ಬಿತ್ತು.

ಪೆದ್ದನ ಕೈಲಿ ಕಟ್ಟಿಸಿಕೊಂಡೆ ಅಂತ ಹೇಳಿಕೊಳ್ಳೋಕೆ ನಂಜಬಸಪ್ಪನಿಗೆ ನಾಚಿಕೆ. ನೆಟ್ಟಗೆ ಠಾಣೆಗೆ ಹೋಗಿ, "ದುಂಡಮಾದ ನನ್ನ ಹೋತ ಕದ್ದವ್ನೆ" ಅಂತ ದೂರು ಕೊಟ್ಟ. ಕೇಸಾಯ್ತು. ಇರೋನೊಬ್ಬ ಮಗ ಜೈಲು ಸೇರ್ತಾನಲ್ಲಪ್ಪಾ ಅಂತ ಅವ್ವ ಮಗನ್ನ ಎದುರಿಗೆ ಕೂರಿಸಿಕೊಂಡು ಹೇಳಿದಳು.

"ಪಟ್ಟಣಕ್ಕೆ ಹೋಗಿ ಪರಶಿವಯ್ಯ ವಕೀಲರನ್ನ ಕಾಣು. ಕಂಡಕಂಡೋರ ಹತ್ರ ಕೇಸಿನ ಮಾತು ಆಡೀಯೆ, ಜೋಕೆ! ಮನೆಗೆ ಬರೋಗಂಟ ಬಾಯಿ ಬಿಡಬೇಡ!"

ಹೋದ. ವಕೀಲರು ಕೇಳಿದರು, "ಹೆಸರೇನಪ್ಪ?" ಸುಮ್ಮನೆ. "ಯಾವೂರು?" ಸುಮ್ಮನೆ. "ಏನು ಕೇಸು?" ಹಲ್ಲು ಕಚ್ಚಿಕೊಂಡು ಸುಮ್ಮನೆ. ಪಾಪ, ಮೂಗ ಇರಬೇಕು ಅಂತ ವಕೀಲರು ಒಂದು ಲೋಟ ಕಾಫಿ ತರಿಸಿಕೊಟ್ಟರು. ಅದನ್ನೂ ಕುಡೀಲಿಲ್ಲ. ಕುಡಿಯೋಕೆ ಬಾಯಿ ಬಿಡಬೇಕಲ್ಲ! ಸಂಜೆ ತನಕ ಬೆಂಚಿನ ಮೇಲೆ ಕೂತು ಮನೆಗೆ ಬಂದ.

"ಅಯ್ಯೋ ನನ್ನ ಕರ್ಮವೇ! ವಕೀಲರ ಹತ್ರ ಮುಚ್ಚಿಡ್ತಾರೇನ್ಲಾ? ಕರೀ ಕೋಟು ಕಂಡ ತಕ್ಷಣ ನಡೆದದ್ದೆಲ್ಲಾ ಬಿಚ್ಚಿ ಹೇಳ್ಬೇಕು!"

ಆಗಲಿ ಕಣವ್ವ ಅಂದ. ಮಾರನೇ ದಿನ ಕೋರ್ಟಿನ ಬಾಗಿಲಲ್ಲೇ ಒಂದು ಕರೀ ಕೋಟು ಎದುರಾಯ್ತು. ಹೋಗಿ ಅಡ್ಡ ನಿಂತ.

"ಸ್ವಾಮೀ, ನಂಜಬಸಪ್ಪನ ಹೋತ ಕಟ್ಟಿದೋನು ನಾನೇ! ಹಗ್ಗ ನಮ್ದೇ! ಗಂಟು ಹಾಕಿದೋನೂ ನಾನೇ! ಕೇಳಿದ್ರೂ ಬಿಡದೆ ಇದ್ದೋನೂ ನಾನೇ!"

ಕರೀ ಕೋಟಿನವರು ಒಂದೂ ಬಿಡದೆ ಬರೆದುಕೊಂಡರು. "ಭೇಷ್! ನಾನು ಯಾರು ಗೊತ್ತೇನಯ್ಯ? ನಿನ್ನ ಮೇಲೆ ವಾದ ಮಾಡೋ ಸರ್ಕಾರಿ ವಕೀಲ!"

ಮಾದ ಖುಷಿಯಾಗಿ ಕೈಮುಗಿದು ಮನೆಗೆ ಬಂದು ಹೇಳಿದ. ಅವ್ವ ಎದೆ ಎದೆ ಬಡಕೊಂಡಳು. ನೋಡಿ, ಹೆತ್ತ ಹೊಟ್ಟೆ, ಸುಮ್ಮನಿರುತ್ತಾ? ಅವನ ರಟ್ಟೆ ಹಿಡಿದು ದರದರ ಎಳಕೊಂಡು ತಾನೇ ಪರಶಿವಯ್ಯನವರ ಮೆಟ್ಟಿಲ ಮೇಲೆ ಹೋಗಿ ಕೂತಳು.

"ಒಬ್ಬನೇ ಮಗ ಸ್ವಾಮಿ, ಉಳಿಸಿಕೊಡಿ! ಕದಿಯೋಕೆ ಬುದ್ಧಿ ಬೇಕಲ್ಲ, ಅದು ಇವನಿಗೆಲ್ಲಿದೆ?"

ವಕೀಲರಿಗೆ ನಗು ಬಂತು, ಕರುಣೆನೂ ಬಂತು. ಕೇಸು ನಡೆಸೋ ವಕಾಲತ್ತು ಕಾಗದಕ್ಕೆ ಮಾದನ ಹೆಬ್ಬೆಟ್ಟು ಒತ್ತಿಸಿಕೊಂಡರು. "ಲೋ, ನೀನು ಕದ್ದಿಲ್ಲ ತಾನೇ? ಹಾಗಾದ್ರೆ ಕೋರ್ಟಲ್ಲಿ ಯಾರು ಏನೇ ಕೇಳಿದ್ರೂ 'ಇಲ್ಲ ಸ್ವಾಮಿ' ಅನ್ನು. ಬೇರೆ ಒಂದು ಮಾತು ಆಡಬೇಡ!"

ಕೇಸಿನ ದಿನ ಬಂತು. ಮಾದ ಕಟಕಟೆ ಹತ್ತಿದ. ಅವ್ವ ಹಿಂದೆ ಗೋಡೆಗೆ ಒರಗಿ ನಿಂತಳು. ಸರ್ಕಾರಿ ವಕೀಲರು ಬರಕೊಂಡಿದ್ದನ್ನೆಲ್ಲಾ ಓದಿದರು, ಆದರೂ ಪರಶಿವಯ್ಯನವರು ನಂಜಬಸಪ್ಪನನ್ನ ಹಿಂದುಮುಂದು ಕೇಳಿ ಕೇಳಿ, ಹೋತ ತಾನಾಗೇ ಬೇಲಿ ನುಗ್ಗಿತು ಅಂತ ಅವನ ಬಾಯಲ್ಲೇ ಹೇಳಿಸಿಬಿಟ್ಟರು. ನ್ಯಾಯಾಧೀಶರು ಮಾದನ ಕಡೆ ತಿರುಗಿದರು.

"ಹೋತ ಕದ್ದೆಯಾ?"

"ಇಲ್ಲ ಸ್ವಾಮಿ!"

"ಮಾರೋಕೆ ಅಂತ ಕಟ್ಟಿದ್ದೆಯಾ?"

"ಇಲ್ಲ ಸ್ವಾಮಿ!"

ಅವ್ವನಿಗೆ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿಂದ ಇದೇ ಮೊದಲು, ಮಗ ನೆಟ್ಟಗೆ ಮಾತಾಡ್ತಾ ಇದ್ದಾನೆ! ನ್ಯಾಯಾಧೀಶರು ಬಿಡುಗಡೆ ಅಂತ ಬರೆಯೋಕೆ ಪೆನ್ನು ತಗೊಂಡರು. ಮಾತಿಗೆ ಕೇಳಿದರು, "ಅಲ್ಲಿ ಅಳ್ತಾ ನಿಂತಿದ್ದಾರಲ್ಲ, ಅವರು ನಿನ್ನ ತಾಯಿನಾ?"

"ಇಲ್ಲ ಸ್ವಾಮಿ!"

ಅವ್ವ ಗೋಡೆ ಬಿಟ್ಟು ನೆಟ್ಟಗಾದಳು. ಒಂಬತ್ತು ತಿಂಗಳು ಹೊತ್ತವಳು, ತುಂಬಿದ ಕೋರ್ಟಲ್ಲಿ ಈ ಮಾತು ಕೇಳಿಸಿಕೊಂಡು ಸುಮ್ಮನಿರೋದು ಹೆಂಗೆ? ಪರಶಿವಯ್ಯನವರು ಬೇಡ ಬೇಡ ಅಂತ ಕೈ ಆಡಿಸ್ತಾ ಇದ್ದಾರೆ, ಇವಳು ನೋಡಲೇ ಇಲ್ಲ.

"ಲೋ ಪಾಪಿ! ಹೂಂ ಅನ್ನೋ! ಸ್ವಾಮಿಗಳು ಏನು ಕೇಳಿದ್ರೂ ಹೂಂ ಅನ್ನೋ!" ಅಂತ ಕಿರುಚಿಬಿಟ್ಟಳು.

ನ್ಯಾಯಾಧೀಶರ ಪೆನ್ನು ನಿಂತಿತು. "ಯಾರದು ಹಿಂದಿಂದ ಹೇಳಿಕೊಡ್ತಿರೋದು? ಏನಯ್ಯ, ಇಷ್ಟು ಹೊತ್ತು ಹೇಳಿದ್ದೆಲ್ಲಾ ಸುಳ್ಳಾ?"

"ಹೂಂ ಸ್ವಾಮಿ!"

"ಹೋತ ಕದ್ದಿದ್ದು ನೀನೇನಾ?"

"ಹೂಂ ಸ್ವಾಮಿ!"

"ಜೈಲಿಗೆ ಹೋಗ್ತೀಯಾ ಹಾಗಾದ್ರೆ?"

"ಹೂಂ ಸ್ವಾಮಿ!"

ಪರಶಿವಯ್ಯನವರು ಎರಡೂ ಕೈಲಿ ತಲೆ ಹಿಡಕೊಂಡರು. ಅವ್ವ ಹಣೆ ಹಣೆ ಚಚ್ಚಿಕೊಂಡಳು. ಕಾನ್‌ಸ್ಟೇಬಲ್ಲು ಬಂದು ಮಾದನ ಕೈ ಹಿಡಿದ. ಮಾದ ಹಲ್ಲು ಕಿರಿದು ಹಿಂದಕ್ಕೆ ತಿರುಗಿದ.

"ಅವ್ವಾ, ಈ ಸಲ ಒಂದೂ ತಪ್ಪಲಿಲ್ಲ ನೋಡು!"

ಸಾಕಪ್ಪ, ಕತೆ ಮುಗೀತು. ನೀವು ಇನ್ನು ಹೂಂಗುಟ್ಟಬೇಡಿ, ನನಗೆ ಭಯ ಆಗುತ್ತೆ.